ಐದನೆಯ ಎಲೆ

ಮತ್ತಿಕೆರೆಯ ಮುನಿಶಾಮಮ್ಮನ ಮನೆಯಲ್ಲಿ ಪಿತೃಪಕ್ಷದ ಹಬ್ಬಕ್ಕೆ ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಸಿ, ಬದುಕಿದ್ದಾಗ ಯಾರಿಗೆ ಯಾವುದು ಪ್ರಾಣವೋ ಅದನ್ನೇ ಅವರವರ ಎಲೆಗೆ ಬಡಿಸಿ, ಮನೆಗೆ ಹಿರಿಯರಾದವರು ಹೊಸಿಲ ಬಳಿ ನಿಂತು ಒಬ್ಬೊಬ್ಬರನ್ನೇ ಕೂಗುತ್ತಾರೆ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು, ಬದುಕಿರುವವರೆಲ್ಲ ಜಗಲಿಯಲ್ಲಿ ಕಾಯುತ್ತಾರೆ. ಕೂಗದಿದ್ದರೆ ಬರುವುದಿಲ್ಲ. ಸತ್ತರೇನಂತೆ, ಅವರೂ ಮಾನವಂತರು. ಕರೆಯದ ಮನೆಗೆ ಉಣ್ಣಲು ಬರುತ್ತಾರೆಯೇ?

ಗಂಡನ ಎಲೆಗೆ ಮುದ್ದೆ, ಕೋಳಿಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಅತ್ತೆಯ ಎಲೆಗೆ ಕೈತುಂಬ ಎಲೆಅಡಿಕೆ. ಮಗನಿಗೆ ವಡೆ, ಸೊಸೆಗೆ ಕರಿಗಡುಬು. ಐದನೆಯ ಎಲೆಯಲ್ಲಿ ಮಾತ್ರ ಒಂದು ದೋರೆ ಸೀಬೆಕಾಯಿ, ಒಂದು ಹಿಡಿ ಹುರಿಗಡಲೆ, ಅಷ್ಟೆ. ಆ ಎಲೆಯವರನ್ನು ಕರೆಯುವಾಗ ಮುದುಕಿಯ ತುಟಿ ಆಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ.

ಅಪ್ಪ ಅಮ್ಮ ಇಲ್ಲದ ಮೊಮ್ಮಗ ಚನ್ನಕೇಶವನನ್ನು ಸಾಕಿದವಳು ಅವಳೇ. ಅವನು ಚಡ್ಡಿ ಹಾಕುವ ಕಾಲದಲ್ಲಿ, ಅದು ಯಾರ ಎಲೆ ಎಂದು ಕೇಳಿದರೆ, "ನೀನು ಕೂಗೋ ಕಾಲ ಬಂದಾಗ ಯೋಳ್ತೀನಿ, ಸುಮ್ಕಿರು" ಎನ್ನುತ್ತಿದ್ದಳು.

ಆ ಕಾಲ ಬಂತು. ಮುದುಕಿಗೆ ಎಂಬತ್ತರ ಹತ್ತಿರ, ಕಾಲು ನಿಲ್ಲುತ್ತಿರಲಿಲ್ಲ. ಚನ್ನಕೇಶವನ ಕಾಲೂ ನಿಲ್ಲುತ್ತಿರಲಿಲ್ಲ, ಅದರ ಕಾರಣವೇ ಬೇರೆ. ಜಾಲಹಳ್ಳಿಯ ಕಡೆ ಕಾರ್ಖಾನೆ ಕೆಲಸ, ಮದುವೆ, ಹೊಸ ರೇಡಿಯೋ. ಸಾಲದ್ದಕ್ಕೆ ರಾಗಿ ಹೊಲದಲ್ಲಿ ಬಾಡಿಗೆಗೆಂದು ಸಾಲುಮನೆ ಎಬ್ಬಿಸುತ್ತಿದ್ದ.

"ಕೇಶವ, ಒಸಿ ಕೂತ್ಕೊಳ್ಳಪ್ಪ. ಆ ಎಲೆ ವಿಚಾರ ಯೋಳ್ಬೇಕು."

"ಹೆಸರೊಂದು ಹೇಳಜ್ಜಿ ಸಾಕು. ಬಸ್ಸು ಹೊರಟೋಗುತ್ತೆ."

"ಬರೀ ಎಸ್ರು ತಕ್ಕಂಡು ಏನ್ ಮಾಡ್ತೀಯ? ಯಾರು ಅಂತ ಗೊತ್ತಿಲ್ದೆ ಕೂಗಿದ್ರೆ ಸಂತೇಲಿ ಕೂಗ್ದಂಗೆ. ಪ್ಲೇಗು ಬಂದು ಊರೋರೆಲ್ಲ ಒಲದಾಗೆ ಗುಡ್ಲು ಆಕ್ಕಂಡಿದ್ರಲ್ಲ, ಅಲ್ಲಿಂದ ಯೋಳ್ಬೇಕು."

ಪ್ಲೇಗಿನಿಂದ ಶುರುವಾದ ಮಾತು ಮಧ್ಯಾಹ್ನದವರೆಗೂ ಮುಗಿಯುವುದಿಲ್ಲ ಎಂದು ಅವನಿಗೆ ಗೊತ್ತು. "ಸಾಯಂಕಾಲ" ಎನ್ನುತ್ತಿದ್ದ. ಸಾಯಂಕಾಲ ಎದುರುಮನೆಯ ಬಾಡಿಗೆಯವರ ಜಗಲಿಯಲ್ಲಿ ಕೂತು, ಕಾರ್ಖಾನೆಯ ಗುಮಾಸ್ತನೊಬ್ಬ ಬೊಂಬಾಯಿ ನೋಡಿಬಂದ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ, ನೋಡಿ.

ಕೊನೆಗೆ ಶ್ರಾವಣದ ಒಂದು ಭಾನುವಾರ ಕೂರುತ್ತೇನೆಂದು ಒಪ್ಪಿಕೊಂಡ. ಮುದುಕಿ ಬೆಳಗ್ಗೆಯೇ ತಲೆಗೆ ನೀರು ಹಾಕಿಸಿಕೊಂಡು, ಒಗೆದ ಸೀರೆ ಉಟ್ಟು, ಜಗಲಿಯಲ್ಲಿ ಚಾಪೆ ಹಾಸಿ ಕೂತಳು. ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟಿದ್ದಳು. ಚನ್ನಕೇಶವ ಬಂದ, ಬಂದವನು ಚಪ್ಪಲಿ ಬಿಡಲಿಲ್ಲ.

"ಅಜ್ಜಿ, ಸಿಮೆಂಟ್ ಬಂದೈತಂತೆ. ಇವತ್ತು ಬಿಟ್ರೆ ಮತ್ತೆ ಸಿಗಲ್ಲ. ಮುಂದಿನ ಭಾನುವಾರ ಕೂತ್ಕೋತೀನಿ, ನಿನ್ನಾಣೆ."

"ಓಗಪ್ಪ, ಓಗು. ನಾನೆಲ್ಲಿಗೋಗ್ತೀನಿ."

ಎಲ್ಲಿಗೂ ಹೋಗಲಿಲ್ಲ, ಪಾಪ. ಆ ವಾರದ ನಡುವೆ ಲಕ್ವ ಹೊಡೆದು, ಹಾಸಿಗೆಯಲ್ಲೇ ಉಳಿದಳು. ಬಲಗೈ ಹೋಯಿತು, ಮಾತು ಹೋಯಿತು. ಕಣ್ಣು ಮಾತ್ರ ಮೊದಲಿನಂತೆಯೇ ಮನೆಯವರ ಹಿಂದೆ ಓಡಾಡುತ್ತಿತ್ತು.

ಈಗ ಚನ್ನಕೇಶವನಿಗೆ ಎಲ್ಲಿಲ್ಲದ ಪುರುಸೊತ್ತು ಬಂತು. ರಜೆ ಹಾಕಿದ, ಸಾಲುಮನೆಯ ಕೆಲಸ ನಿಲ್ಲಿಸಿದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಹಾಸಿಗೆಯ ಪಕ್ಕ ಕೂತು ಹೆಸರು ಹೇಳತೊಡಗಿದ.

"ಮುನಿಕೆಂಪಮ್ಮನಾ ಅಜ್ಜಿ?"

ಮುದುಕಿ ತಲೆಯಾಡಿಸಿದಳು. ಚನ್ನಕೇಶವನ ಎದೆ ಹಗುರವಾಯಿತು, ಕಣ್ಣು ತುಂಬಿ ಬಂತು. ಖಾತ್ರಿ ಮಾಡಿಕೊಳ್ಳೋಣವೆಂದು, "ಇಲ್ಲಾ, ಪಿಳ್ಳಣ್ಣನಾ?" ಎಂದ. ಅದಕ್ಕೂ ತಲೆಯಾಡಿಸಿದಳು. ಮಾರಮ್ಮ, ಚಿಕ್ಕಹನುಮಯ್ಯ, ಊರಲ್ಲಿ ಇದ್ದಬದ್ದ ಹೆಸರೆಲ್ಲ ಆಯಿತು. ಎಲ್ಲಕ್ಕೂ ಅದೇ ತಲೆ, ಅದೇ ಆಟ. ಕೊನೆಗೆ ತನ್ನ ಹೆಸರನ್ನೇ ಹೇಳಿ ನೋಡಿದ.

"ಚನ್ನಕೇಶವನಾ ಅಜ್ಜಿ?"

ಹೂಂ ಎಂಬಂತೆ ತಲೆಯಾಡಿಸಿದಳು. ಅವನು ಎದ್ದು ಹಿತ್ತಿಲಿಗೆ ಹೋಗಿ ಅತ್ತ.

ಊರಿನಲ್ಲಿ ಕೇಳಿದ. ಪ್ಲೇಗಿನ ಕಾಲದವರು ಯಾರೂ ಉಳಿದಿರಲಿಲ್ಲ. ಉಳಿದ ಮುದುಕರೆಲ್ಲ ಆಮೇಲೆ ಹುಟ್ಟಿದವರು. "ನಿಮ್ಮಜ್ಜೀನೇ ಕೇಳಪ್ಪ, ಅವಳ್ಗೆ ಗೊತ್ತಿರ್ತದೆ" ಎಂದು ಅವರು ಸಮಾಧಾನ ಹೇಳಿ ಕಳಿಸಿದರು.

ಹಬ್ಬ ಬಂತು. ಹೆಂಡತಿ ಲಕ್ಕಮ್ಮ ಐದೂ ಎಲೆ ಹಾಸಿ, ಸೀಬೆಕಾಯಿ, ಹುರಿಗಡಲೆ ಮರೆಯದೆ ಇಟ್ಟಳು. ಚನ್ನಕೇಶವ ಹೊಸಿಲ ಬಳಿ ನಿಂತು ನಾಲ್ವರನ್ನು ಕೂಗಿದ. ಐದನೆಯದಕ್ಕೆ ಅಜ್ಜಿಯಂತೆಯೇ ತುಟಿಯಾಡಿಸಿದ. ಅವಳ ತುಟಿಯ ಹಿಂದೆ ಒಂದು ಹೆಸರಿತ್ತು, ಇವನದರ ಹಿಂದೆ ಏನೂ ಇರಲಿಲ್ಲ. ಹಾಸಿಗೆಯಿಂದ ಅವನ ಬಾಯನ್ನೇ ನೋಡುತ್ತಿದ್ದ ಮುದುಕಿ, ಸ್ವಲ್ಪ ಹೊತ್ತು ಕಾದು, ಕಣ್ಣು ಮುಚ್ಚಿಕೊಂಡಳು. ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಅವಳು ತೀರಿಕೊಂಡಳು.

ಮುಂದಿನ ಪಕ್ಷಕ್ಕೆ ಲಕ್ಕಮ್ಮ ಮತ್ತೆ ಎಲೆ ಹಾಸಿದಳು. ಹೆಸರಿಲ್ಲದ ಎಲೆ ಹಾಕಿದರೆ ಕಂಡಕಂಡವರು ಬಂದು ಕೂರುತ್ತಾರೆಂದು ನೆಂಟರು ಹೆದರಿಸಿದ್ದರಿಂದ ಆ ವರ್ಷ ಸೀಬೆಕಾಯಿ ತರಲಿಲ್ಲ. ಆದರೂ ಎಲೆ ಐದೇ ಆದವು. ಐದನೆಯದು ಮುನಿಶಾಮಮ್ಮನದು. ಉಳಿದವರಿಗೆಲ್ಲ ಬಡಿಸಿ, ಲಕ್ಕಮ್ಮ ಸೌಟು ಹಿಡಿದು ಆ ಎಲೆಯ ಮುಂದೆ ನಿಂತಳು.

"ಏನ್ರೀ, ಅಜ್ಜಿಗೇನು ಇಷ್ಟ ಆಗ್ತಿತ್ತು?"

ಚನ್ನಕೇಶವ ಯೋಚಿಸಿದ. ಅವಳು ತನಗೆ ಬಡಿಸುತ್ತಿದ್ದದ್ದು ನೆನಪಾಯಿತು, ಇನ್ನೊಂದು ಚೂರು ಹಾಕಿಸಿಕೊಳ್ಳೆಂದು ಬೈಯುತ್ತಿದ್ದದ್ದೂ ನೆನಪಾಯಿತು. ಅವಳು ಉಣ್ಣುತ್ತಿದ್ದದ್ದು ಎಲ್ಲರದೂ ಆದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿ, ತಳದಲ್ಲಿ ಉಳಿದದ್ದನ್ನು. ಅವನು ಯಾವತ್ತೂ ಅಲ್ಲಿ ಕೂತವನಲ್ಲ.

"ಎಲ್ಲಾನೂ ಒಂದೊಂದ್ ಚೂರು ಹಾಕ್ಬಿಡು" ಎಂದ.