ಎರಡನೇ ಹೆಲ್ಮೆಟ್ಟು

ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಅಡುಗೆಮನೆಯ ನಲ್ಲಿಯ ಕತ್ತು ಬಿಗಿ ಮಾಡುತ್ತಿದ್ದಳು. ತೊಟ್ಟಿಕ್ಕುವುದು ನಿಲ್ಲಲಿಲ್ಲ. ಪ್ಲಂಬರನ ಮನೆಯ ನಲ್ಲಿ. ಮದುವೆಯಾದಂದಿನಿಂದ ಸೋರುತ್ತಲೇ ಇತ್ತು. ‘ಭಾನುವಾರ ನೋಡ್ತೀನಿ’ ಅನ್ನುತ್ತಿದ್ದ ಗಂಡನನ್ನು ನಿನ್ನೆಯಷ್ಟೇ ಮಣ್ಣು ಮಾಡಿ ಬಂದಿದ್ದರು. ಯಾರದೋ ಮನೆಯ ಪೈಪು ಜೋಡಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಫೋನು ಬಡಿದುಕೊಂಡಿತು.

“ಮೇಡಂ, ನಾಳೆ ಬೆಳಿಗ್ಗೆ ನಿಮಗೆ ಇಡೀ ಮೈ ಸ್ಕ್ಯಾನ್ ಇದೆ. ನಿಮ್ಮೆಜಮಾನ್ರು ಬುಕ್ ಮಾಡಿದ್ರು. ಬರ್ತೀರಲ್ವಾ?”

“ಸ್ವಲ್ಪ ಹೊತ್ತು ಬಿಟ್ಟು ಹೇಳ್ತೀನಿ.”

“ಅದರಲ್ಲಿ ಹೇಳೋದೇನಿದೆ?” ಅಂದರು ಪಕ್ಕದಲ್ಲೇ ನಿಂತಿದ್ದ ಭಾವ, ಅವನ ಅಣ್ಣ. “ಅವನ ಕೊನೇ ಆಸೆ ಕಣಮ್ಮ. ನಾನು ಕಾರ್ ತರ್ತೀನಿ.”

ಬಾಗಿಲ ಹಿಂದಿನ ಮೊಳೆಗೆ ಎರಡು ಹೆಲ್ಮೆಟ್ಟು ತೂಗುಬಿದ್ದಿದ್ದವು. ಒಂದು ಅವನದು. ಇನ್ನೊಂದು, ಅವಳನ್ನು ಸ್ಕೂಟರಿನಲ್ಲಿ ಪಕ್ಕದ ಊರಿನ ಆ ಸ್ಕ್ಯಾನಿಗೆ ಕರೆದೊಯ್ಯಲೆಂದು ಜೊತೆ ಕೆಲಸಗಾರ ಲಂಬುವಿನ ಹೆಂಡತಿಯಿಂದ ಎರವಲು ತಂದದ್ದು. ಅವಳು ಅದನ್ನು ಒಮ್ಮೆಯೂ ಹಾಕಿ ನೋಡಿರಲಿಲ್ಲ.

*

“ಮೊಲೆಯಲ್ಲಿರೋ ಗಂಟು ಚಿಕ್ಕದು, ಕಂಕುಳಲ್ಲಿ ಏನೂ ಸಿಕ್ಕಿಲ್ಲ,” ಎಂದಿದ್ದರು ಡಾಕ್ಟರಮ್ಮ ಹೋದ ವಾರ. “ಮೂಳೆ ನೋವಿಲ್ಲ, ರಕ್ತ ಸರಿಯಿದೆ. ಇಷ್ಟು ಬೇಗ ಸಿಕ್ಕಿರೋ ಕ್ಯಾನ್ಸರಿಗೆ ಇಡೀ ಮೈ ಸ್ಕ್ಯಾನ್ ಬೇಡ. ಯಾವುದೋ ಹಳೇ ಕಲೆ, ತೊಂದರೆ ಕೊಡದ ಗಂಟು, ಎಲ್ಲಾ ಕಾಣುತ್ತೆ. ಅದೇನು ಅಂತ ನೋಡೋಕೆ ಮತ್ತೆ ಸೂಜಿ ಚುಚ್ಚಬೇಕು. ಆಪರೇಷನ್ ಮುಂದಕ್ಕೆ ಹೋಗುತ್ತೆ.”

“ಕಾಣ್ಲಿ ಬಿಡಿ ಡಾಕ್ಟ್ರೇ,” ಎಂದಿದ್ದ ಅವನು. “ಕಾಣದೇ ಇರೋದೇ ಭಯ.”

ಮೆಟ್ಟಿಲಿಳಿಯುವಾಗಲೇ ಬುಕ್ ಮಾಡಿಬಿಟ್ಟಿದ್ದ. ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

*

ನಿನ್ನೆ ಹೆಣ ಎತ್ತುವ ಮೊದಲು ಲಂಬು ಬಾಗಿಲಿಗೊರಗಿ ನಿಂತಿದ್ದ.

“ಒಂದ್ಸಲ ಒಬ್ಬರ ಮನೇಲಿ ಗೋಡೆ ಅಂಗೈಯಷ್ಟು ಒದ್ದೆ. ನಲ್ಲಿ ವಾಷರ್ ಹೋಗಿತ್ತು, ಅಷ್ಟೇ. ಹೊಸದು ಹಾಕಿದ್ವಿ, ನಿಂತೋಯ್ತು. ಇವನು ಬಿಡ್ಬೇಕಲ್ಲ! ‘ಒಳಗಿನ್ನೆಲ್ಲೋ ಇರುತ್ತೆ ಕಣೋ’ ಅಂತ ಇಡೀ ಗೋಡೆ ಒಡೆದ. ಪೈಪು ಕಲ್ಲಿನಂಗಿತ್ತು. ಇವನ ಸುತ್ತಿಗೆ ಏಟಿಗೇ ಬಿರುಕು ಬಿಡ್ತು!”

ಅಳುತ್ತಿದ್ದವರು ನಕ್ಕುಬಿಟ್ಟರು.

“ಮನೆಯೋರು ಬೈದ್ರೇನಪ್ಪಾ?” ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡು ಕೇಳಿದರು.

“ಬೈದ್ರಾ? ಜನ್ಮ ಜಾಲಾಡಿದ್ರು! ಇವನು ಮಾತ್ರ, ‘ನೋಡಿದ್ಮೇಲೆ ನೆಮ್ಮದಿ ಆಯ್ತು’ ಅಂದ.”

ಮಲಗಿಸಿದ್ದ ಗಂಡನ ಉಗುರುಗಳ ಸಂದಿಯಲ್ಲಿ ಇನ್ನೂ ಪೈಪಿನ ಅಂಟು ಇತ್ತು. ಅವಳು ಅದನ್ನೇ ನೋಡುತ್ತಿದ್ದಳು.

*

“ಭಾವ, ನಾಳೆ ಕಾರ್ ಬೇಡ,” ಎಂದಳು ಸ್ಪ್ಯಾನರ್ ಕೆಳಗಿಟ್ಟು. “ಸೋಮವಾರ ಆಪರೇಷನ್. ಅವತ್ತು ತನ್ನಿ.”

“ಅಂದ್ರೆ ಅವನ ಮಾತಿಗೆ ಬೆಲೆ ಇಲ್ವಾ?”

“ಅವರಿಗೆ ಭಯ ಇತ್ತು. ನನಗೂ ಇದೆ. ಭಯಕ್ಕೆ ಅಂತ ಮೈಯೆಲ್ಲಾ ಹುಡುಕಿಸಲ್ಲ. ಗಂಟು ಎಲ್ಲಿದೆ ಅಂತ ಗೊತ್ತು. ಮೊದಲು ಅದು ಹೋಗ್ಲಿ. ಆಮೇಲೂ ಬೇಕು ಅಂತ ಡಾಕ್ಟ್ರು ಹೇಳಿದ್ರೆ ಮಾಡಿಸ್ತೀನಿ.”

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಆದ್ರೆ ನನ್ನ ಮೈಗಾಗುತ್ತೆ ಭಾವ.”

ಭಾವ ತಾಯಿಯ ಮುಖ ನೋಡಿದರು. ಅತ್ತೆ ಸೋರುವ ನಲ್ಲಿಯ ಕೆಳಗೆ ಒಂದು ಪಾತ್ರೆ ಇಟ್ಟರು.

“ಸೋಮವಾರ ನಾನೂ ಬರ್ತೀನಿ,” ಎಂದರು.

ಅವಳು ಸ್ಕ್ಯಾನಿನವರಿಗೆ ಫೋನು ಮಾಡಿ ಬರುವುದಿಲ್ಲವೆಂದು ಹೇಳಿದಳು. ಮೊಳೆಯಿಂದ ಎರಡನೇ ಹೆಲ್ಮೆಟ್ಟನ್ನು ತೆಗೆದುಕೊಂಡು ಲಂಬುವಿನ ಮನೆಗೆ ಹೊರಟಳು.

“ಅಯ್ಯೋ, ಇದಕ್ಕೇನವಸರ ಇತ್ತಕ್ಕಾ?” ಲಂಬುವಿನ ಹೆಂಡತಿ ಏನು ಮಾಡಬೇಕೆಂದು ತೋಚದೆ ಅದನ್ನು ತಲೆಗೇ ಹಾಕಿಕೊಂಡಳು. ಅದು ಕಿವಿಯ ಮೇಲೇ ನಿಂತಿತು. “ನೋಡು, ನನ್ನದೇ ನನಗೆ ಹಿಡೀತಿಲ್ಲ! ನನ್ನ ತಲೆ ಅನ್ನೋ ಈ ಕುಂಬಳಕಾಯಿ ಇನ್ನೂ ಬಲೀತೇನೋ!”

ತಿರುಗಿಸಿ ನೋಡಿದರೆ ಒಳಗೆ ಸುತ್ತಲೂ ಪೈಪಿಗೆ ಸುತ್ತುವ ಕಪ್ಪು ಸ್ಪಂಜಿನ ಪಟ್ಟಿ. ಗಂಡ ಅಂಚು ನೀಟಾಗಿ ಕತ್ತರಿಸಿ ಅಂಟಿಸಿದ್ದ.

“ಕೊಡು,” ಎಂದಳು ಅವಳು.

ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಹರಿಯದೆ ಬಂತು. ಹೆಲ್ಮೆಟ್ಟನ್ನು ಒಡತಿಯ ಕೈಗಿತ್ತು ಬೀದಿಗಿಳಿದಳು. ಅಂಗೈಯಲ್ಲಿದ್ದ ಪಟ್ಟಿ ನೆಟ್ಟಗಾಗಲಿಲ್ಲ. ಅವಳ ಹಣೆಯ ಅಳತೆಗೆ ಬಾಗಿಯೇ ಇತ್ತು.