ತಳದ ಸುತ್ತು

ಅಬ್ದುಲ್ ಗನಿಯ ಮೋಟರ್ ಬೋಟು ಹತ್ತಿದವರ ಕೈಗೆ ಮೊದಲು ಒಂದು ಡಬ್ಬಿ ಬರುತ್ತದೆ, ಒಳಗೆ ಸೋರಿದ ನೀರನ್ನು ಎತ್ತಿ ಹೊರಗೆ ಚೆಲ್ಲಲು. ಚಿಂಚೋಳಿ ಕಡೆಯ ಆ ಹಿನ್ನೀರು ದಾಟುವಷ್ಟರಲ್ಲಿ ಸಾಹುಕಾರರೂ ಶಾಲೆಯ ಮಾಸ್ತರರೂ ಅವನ ಆಳುಗಳಾಗಿರುತ್ತಾರೆ. ಇದನ್ನು ಅವನ ಎದುರಿಗೇ ಹೇಳಿ ನಗುವ ಹಕ್ಕು ನನಗಿದೆ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಪಂಪ್ ಫಿಟ್ಟರ್ ಆಗಿದ್ದಾಗ ಅವನು ಕ್ಯಾಂಟೀನಿನಲ್ಲಿ ಚಹಾ ಕೊಡುತ್ತಿದ್ದ. ರಿಟೈರ್ ಆದಮೇಲೆ ನಾನು ಸುಮ್ಮನೆ ಮನೆ ಹಿಡಿದು ಕುಳಿತೆ. ಅವನು ಯಾವುದೋ ಹರಾಜಿನಲ್ಲಿ ಹಳೇ ಬೋಟು ಹಿಡಿದು ತಂದು ಕ್ಯಾಪ್ಟನ್ ಆಗಿಬಿಟ್ಟ.

ಒಂದು ದಿನ ಫೋನ್ ಮಾಡಿದ. "ಸ್ವಾಮಿ, ನಟ್ಟು ಬಿಚ್ಚೋ ಪಾನಾ ತಗೊಂಡು ಬರ್ರಿ. ಬೋಟು ಭಾಳ ಸೋರ್ಲಿಕತ್ತದ."

"ಅದು ಹುಟ್ಟಿದಾಗಿಂದ ಸೋರ್ತದ. ಈಗ್ಯಾಕ ಅವಸರ?"

"ನಗ್ಮಾನ ಶಾದಿ ಬಂತು. ನಮ್ಮ ಮನಿಯಾಕಿ ಬರಂಗಿಲ್ಲ ಅಂತಾಳ. ಬೋಟಿನಾಗ ನೀರು ಬರ್ತದ, ಸೀರಿ ಹಾಳಾಗ್ತದ ಅಂತ ನೆವ ಮಾಡ್ಲಿಕತ್ತಾಳ."

ಅದು ನೆವ ಎಂಬುದು ನನಗೂ ಗೊತ್ತಿತ್ತು. ನಗ್ಮಾ ಎಂದರೆ ಗನಿಯ ಹೆಂಡತಿ ಇಮಾಮ್‌ಬೀ ಭಾಬಿಯ ತಂಗಿ ಫಿರ್ದೋಸಳ ಮಗಳು. ಅವರ ಮನೆ ಆಚೆ ದಂಡೆಯಲ್ಲಿ. ಅಕ್ಕತಂಗಿಯರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಒಂದು ನಾಡಾ, ಲಂಗಕ್ಕೆ ಕಟ್ಟುವ ಲಾಡಿ. ಆದರೆ ಅದು ಅಂತಿಂಥ ಲಾಡಿಯಲ್ಲ. ಅವರ ತಾಯಿ ಹಸಿರು ನೂಲು ಹೆಣೆದು, ತುದಿಗೆ ಜರಿಯ ಗೊಂಡೆ ಇಟ್ಟು, ದೊಡ್ಡ ಮಗಳ ಮದುವೆಗೆ ಕೊಟ್ಟದ್ದು. ಚಿಕ್ಕವಳಿಗೆ ಹೆಣೆಯುವ ಮೊದಲೇ ಆಕೆ ತೀರಿಕೊಂಡಳು. ಫಿರ್ದೋಸ್ ಅಕ್ಕನ ಮನೆಗೆ ಬಂದು ಹೋದ ವಾರವೇ ಆ ನಾಡಾ ಕಾಣೆಯಾಯಿತು. ನಿನಗೆ ಸಿಗಲಿಲ್ಲವೆಂದು ನೀನೇ ಒಯ್ದೆ ಎಂದು ತಂಗಿಗೆ ಅಂದುಬಿಟ್ಟರು ಭಾಬಿ. ಅಲ್ಲಿಗೆ ಹೋಗಿಬರುವುದು ನಿಂತಿತು.

ಈಗ ತಂಗಿಯ ಮಗಳ ಮದುವೆಗೂ ಹೋಗದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಅದಕ್ಕೇ ಗನಿ ಒದ್ದಾಡುತ್ತಿದ್ದ. ನಾನು ಸೇಡಂನಲ್ಲಿ ಬಸ್ಸು ಬದಲಿಸಿ ಹೋದೆ. ಬೋಟನ್ನು ಟ್ರ್ಯಾಕ್ಟರಿನಿಂದ ದಂಡೆಗೆ ಎಳೆಸಿ ಇಟ್ಟಿದ್ದ.

ಬೋಟಿನ ಹಿಂದಿನ ಪಂಖಾ ತಿರುಗಿಸುವ ಶಾಫ್ಟು ತಳದ ಒಂದು ತೂತಿನಿಂದ ನೀರಿಗಿಳಿಯುತ್ತದೆ. ಆ ಸಂದಿನಲ್ಲಿ ನೀರು ನುಗ್ಗದಂತೆ ಮೇಣ ಕುಡಿಸಿದ ಹುರಿಯನ್ನು ಶಾಫ್ಟಿಗೆ ಸುತ್ತಿ, ಮೇಲೆ ದೊಡ್ಡ ನಟ್ಟು ಬಿಗಿದಿರುತ್ತಾರೆ. ಪಂಪಿಗೂ ಇದೇ ಉಪಾಯ. ನಾವು ಗ್ಲ್ಯಾಂಡ್ ದೋರಿ ಎನ್ನುತ್ತಿದ್ದೆವು. ಸವೆದಾಗ ಹಳೆಯದನ್ನೆಲ್ಲ ಕಿತ್ತು ಹೊಸದು ಹಾಕಬೇಕು. ಗನಿಯಂಥ ಜಾಣರು ಹಳೆಯದರ ಮೇಲೆ ಇನ್ನೊಂದು ಸುತ್ತು ತುರುಕಿ ಕೈ ತೊಳೆದುಕೊಳ್ಳುತ್ತಾರೆ.

ನಟ್ಟು ಬಿಚ್ಚಿ, ಬಾಗಿದ ಕೊಕ್ಕೆ ಹಾಕಿ ಎಳೆದೆ. ಮೊದಲು ಸುಟ್ಟು ಕರಕಾದ ದೋರಿ ಬಂತು. ಆಮೇಲೆ ಸೆಣಬಿನ ಹಗ್ಗ. ಅದರ ಕೆಳಗೆ ಯಾವುದೋ ಅಂಗಿಯ ತೋಳು.

"ಗನಿಸಾಬ, ಬೋಟಿಗಿ ಕೌದಿ ಹೊಲಿಲಿಕತ್ತಿದ್ದೇನು?"

ಅವನು ನಗಲಿಲ್ಲ. ಅಷ್ಟರಲ್ಲಿ ಭಾಬಿ ಚಹಾದ ಥರ್ಮಾಸು ಹಿಡಿದು ಬಂದರು. ಅವರನ್ನು ಕಂಡದ್ದೇ ಗನಿಯ ಮುಖ ಇಳಿಯಿತು.

"ಸಾಕು ಸ್ವಾಮಿ. ತಳದಾಗಿಂದು ಇರ್ಲಿ ಬಿಡ್ರಿ. ಅದೇನೂ ತ್ರಾಸ ಕೊಟ್ಟಿಲ್ಲ."

"ತಳದಾಗಿಂದು ತೆಗೀದೆ ಹೊಸದು ಸರಿ ಕುಂದ್ರಂಗಿಲ್ಲ."

"ಚಹಾ ಕುಡೀರಿ ಮೊದಲ. ಬಿಸಿಲು ಭಾಳ ಅದ."

ಕೆಲಸದ ನಡುವೆ ಬೇಡ ಎಂದರೆ ನನಗೆ ಹಟ ಬರುತ್ತದೆ. ನನ್ನ ಹೆಂಡತಿ ವಿಮಲಾಬಾಯಿ ಇದಕ್ಕೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯಲಾರೆ. ಕೊಕ್ಕೆಯನ್ನು ತಳಕ್ಕಿಳಿಸಿ ಜಗ್ಗಿದೆ. ಕಪ್ಪಗೆ ಜಿಡ್ಡುಗಟ್ಟಿದ ಹುರಿಯೊಂದು ಸುರುಳಿ ಬಿಚ್ಚಿಕೊಂಡು ಬಂತು. ಹೆಣಿಗೆ ಬೇರೆ ಥರ ಕಂಡಿತೆಂದು ಡೀಸೆಲ್ ಅರಿವೆಯಿಂದ ಒರೆಸಿದೆ. ಅಡಿಯಿಂದ ಹಸಿರು ಎದ್ದಿತು. ತುದಿಯಲ್ಲಿ ಜರಿಯ ನಾಲ್ಕು ಎಳೆ.

ಭಾಬಿ ಥರ್ಮಾಸು ಕೆಳಗಿಟ್ಟು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಗನಿ ಶಾಫ್ಟನ್ನು ನೋಡುತ್ತ ನಿಂತಿದ್ದ.

"ಅವತ್ತು ನೀರು ದಬದಬ ನುಗ್ಗಿತ್ತು," ಎಂದ ಕೊನೆಗೆ. "ಮಂದಿ ಆಚಿ ದಂಡ್ಯಾಗ ಕಾಯ್ಲಿಕತ್ತಿದ್ರು. ಮನಿ ಮುಂದ ಹಗ್ಗದ ಮ್ಯಾಲ ಒಂದು ನಾಡಾ ಒಣಗ್ಲಿಕತ್ತಿತ್ತು, ತಗೊಂಡೆ. ಯಾವುದಂತ ಗೊತ್ತಿರಲಿಲ್ಲ. ಸಂಜಿಗಿ ಬರೋದರಾಗ ನೀ ಫಿರ್ದೋಸಗ ಅಂದಾಗಿತ್ತು."

"ಅವತ್ತೇ ಹೇಳಬೇಕಿತ್ತು," ಎಂದರು ಭಾಬಿ.

"ಹೆದರಿದೆ."

ಹೊಳೆಯ ಸುಳಿಗೆ ಹೆದರದ ಕ್ಯಾಪ್ಟನ್ ಹೆಂಡತಿಗೆ ಹೆದರಿದ್ದ. ನಗಬೇಕೆನಿಸಿತು, ಆದರೆ ಭಾಬಿಯ ಮುಖ ನೋಡಿ ಕೊಕ್ಕೆ ಒರೆಸತೊಡಗಿದೆ. ಅವರು ಗಂಡನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನು ಬದುಕುತ್ತಿದ್ದ, ಪಾಪ. ನಾಡಾವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ, ನನ್ನತ್ತ ತಿರುಗಿದರು.

"ಅಣ್ಣಾ, ಜಲ್ದಿ ಹೊಸದು ಹಾಕ್ರಿ. ಇವತ್ತೇ ಹೋಗಬೇಕು."

ಹೊಸ ದೋರಿಯನ್ನು ಶಾಫ್ಟಿನ ಮೇಲೆಯೇ ಸುತ್ತಿ ಅಳೆದು, ಓರೆಯಾಗಿ ಕತ್ತರಿಸಿದೆ. ಒಂದು ಸುತ್ತಿನ ಕೂಡು ಇನ್ನೊಂದರ ಕೂಡಿನ ಮೇಲೆ ಬರದಂತೆ ತಿರುಗಿಸಿ ತಿರುಗಿಸಿ ಕೂರಿಸಿದೆ. ನಟ್ಟನ್ನು ಹಗುರಾಗಿ ಬಿಗಿದೆ. ಬೋಟು ನೀರಿಗಿಳಿಯಿತು. ಎಂಜಿನ್ ಚಾಲೂ ಆದೊಡನೆ ನಟ್ಟಿನಿಂದ ಒಂದು ಹನಿ ಬಿತ್ತು. ಸ್ವಲ್ಪ ತಡೆದು ಇನ್ನೊಂದು.

ಗನಿ ಗಾಬರಿಬಿದ್ದ. "ಸ್ವಾಮಿ, ಇನ್ನೂ ಸೋರ್ತದಲ್ರಿ. ಇನ್ನೊಂದು ಸುತ್ತು ಬಿಗಿರಿ. ನೀರು ಕಂಡ್ರ ಇಕಿ ಇಳೀತಾಳ."

"ಓಡುವಾಗ ಆಗೊಂದು ಈಗೊಂದು ಹನಿ ಬೀಳಬೇಕು. ಆ ನೀರೇ ಶಾಫ್ಟಿಗಿ ತಂಪು. ಪೂರಾ ಬಿಗಿದ್ರ ಒಣಗಿ ಸುಟ್ಟು ಹೋಗ್ತದ."

"ಸೋರ್ಲಿ ಬಿಡ್ರಿ," ಎಂದರು ಭಾಬಿ. ಬೋಟು ಹತ್ತಿ ನಡುವಿನ ಹಲಗೆಯ ಮೇಲೆ ಕುಳಿತರು. ಡಬ್ಬಿಯನ್ನು ಮುಟ್ಟಲಿಲ್ಲ.

ಆಚೆ ದಂಡೆಯಲ್ಲಿ ಫಿರ್ದೋಸಳ ಮನೆ ಮುಂದೆ ಮದುವೆಯ ಅಕ್ಕಿ ಹಸನು ಮಾಡುತ್ತಿದ್ದರು. ಅಕ್ಕನನ್ನು ಕಂಡು ಅವಳು ಮೊರ ಹಿಡಿದೇ ಎದ್ದು ನಿಂತಳು. ಭಾಬಿ ಸೆರಗಿನ ಗಂಟು ಬಿಚ್ಚಿ, ಆ ಜಿಡ್ಡು ಹಿಡಿದ ನಾಡಾವನ್ನು ಮೊರದಲ್ಲಿಟ್ಟರು.

"ಇವರೇ ಬೋಟಿಗಿ ಸುತ್ತಿದ್ರು," ಎಂದರು. "ನಂದು ತಪ್ಪಾತು."

ಫಿರ್ದೋಸ್ ನನ್ನನ್ನೂ ಗನಿಯನ್ನೂ ನೋಡಿದಳು. ಆಮೇಲೆ ನಾಡಾವನ್ನು ಎತ್ತಿ ಅದರ ಜರಿಯನ್ನು ಬೆರಳಿನಿಂದ ತಿಕ್ಕಿದಳು.

"ನಾ ತಗೊಂಡಿಲ್ಲಂತ ನಂಗ ಗೊತ್ತಿತ್ತು, ಆಪಾ. ಆದ್ರೂ ಎಷ್ಟು ಸಲ ನಮ್ಮ ಮನಿ ಪೆಟ್ಟಿಗಿ ಎಲ್ಲಾ ಕೆದರಿ ಹುಡುಕೀನಿ. ಸಿಕ್ರ ನೀ ಬರ್ತಿದ್ದಿ ಅಂತ."

ಭಾಬಿ ತಂಗಿಯ ಹೆಗಲಿಗೆ ಮುಖ ಒತ್ತಿ ಅತ್ತರು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ. ಗನಿ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದ, ಈಗ ಏನು ಮಾಡೋದು ಎಂದು.

"ಸೋರ್ಲಿ ಬಿಡು," ಎಂದೆ.