ಮತ್ತಿಮರದ ಸೂತಕ

"ಇಳಿಸೇ ತಲೆ ಮೇಲಿಂದ! ಮತ್ತಿಮರ ಏನು ನಿನ್ನಪ್ಪ ನೆಟ್ಟದ್ದೇನೆ, ತೆಂಡಿ?"

ಫಾರೆಸ್ಟರ್ ಸುಧೀಶ್ ಹಾಗೆ ಕೂಗಿದಾಗ ಶಾಂತ ಸೌದೆಯ ಹೊರೆ ಇಳಿಸಲಿಲ್ಲ. ಮೈಯೆಲ್ಲ ಮೆಲ್ಲಗೆ ತಿರುಗಿಸಿ ನಿಂತಳು. ತಲೆ ಮೇಲೆ ಹೊರೆಯಿರುವವರು ಎದುರಿಗೆ ಹುಲಿ ಬಂದರೂ ಅವಸರಪಡುವುದಿಲ್ಲ.

"ನನ್ನಪ್ಪ ನೆಡಲಿಲ್ಲ ಸಾರೇ. ನಿಮ್ಮಪ್ಪನೂ ನೆಡಲಿಲ್ಲ. ಗಾಳಿ ಬಂತು, ಕೆಡವ್ತು. ಅದರ ಒಣರೆಂಬೆ ಮುರ್ಕೊಂಡು ಬಂದೆ. ಸೊಸೆ ಹೆತ್ತವ್ಳೆ, ಬಾಣಂತಿಗೆ ನೀರು ಕಾಯ್ಬೇಕು."

ಸುಧೀಶ್ ಕೈಯ ಕೋಲನ್ನು ಹೊರೆಗೆ ಸಿಕ್ಕಿಸಿ ಎಳೆದ. ಸೌದೆ ದಡದಡ ಉರುಳಿ ಪಕ್ಕದ ತೋಡಿಗೆ ಬಿದ್ದು, ಕೆಂಪು ನೀರಿನ ಜೊತೆ ತೇಲಿಹೋಯಿತು.

"ಬಿದ್ದ ಮರ ಮುಟ್ಟೋ ಹಾಗಿಲ್ಲ. ಅಲ್ಲೇ ಕೊಳೀಬೇಕು. ಹುಳಕ್ಕೆ, ಅಣಬೆಗೆ, ಓತಿಗೆ ಅದೇ ವೀಡು. ನಿಮ್ಗೆ ಸೌದೆಗೆ ಸತ್ತ ಮರ ಮಾತ್ರ."

"ಬುಡ ಮೇಲಾಗಿ ಮಲಗೈತಲ್ಲ, ಇದು ಸತ್ತಿಲ್ವಾ?"

"ಎಲೆ ನೋಡೇ, ಪಚ್ಚೆ! ಬಿದ್ದಿದೆ. ಸತ್ತಿಲ್ಲ."

"ಹುಳದ ಬಾಣಂತಿಗೆ ಬೆಚ್ಚಗೆ ಮನೆ. ನಮ್ಮ ಬಾಣಂತಿಗೆ ತಣ್ಣೀರು. ಒಳ್ಳೇ ಕಾನೂನು ಸಾರೇ," ಎಂದು ಶಾಂತ ಸೆರಗು ಹಿಂಡಿಕೊಂಡು ನಡೆದಳು.

ಹಾಡಿಯಲ್ಲಿ ಸೊಸೆ ಗ್ರೀಷ್ಮ ಕೂಸನ್ನು ಎದೆಗೆ ಒತ್ತಿಕೊಂಡು ಒಣಗಿದ್ದ ಒಂದೇ ಮೂಲೆಯಲ್ಲಿ ಮುದುಡಿದ್ದಳು. ಗಾಳಿ ಮರವನ್ನಷ್ಟೇ ಕೆಡವಿರಲಿಲ್ಲ, ಸೂರಿನ ಪ್ಲಾಸ್ಟಿಕ್ಕನ್ನೂ ಹೊತ್ತೊಯ್ದಿತ್ತು. ಒಲೆಯ ಬೂದಿ ಕೆಸರಾಗಿತ್ತು. ಶಾಂತ ಕೂಸಿನ ಪಾದ ಮುಟ್ಟಿ ನೋಡಿದಳು. ತಣ್ಣಗೆ ನೀಲಿಗಟ್ಟಿತ್ತು.

"ಅವನ ಹೆಣ ಎತ್ತ! ಅವನ ಮೀಸೆಗೆ ಬೆಂಕಿ ಬೀಳ!"

"ಬಿದ್ರೆ ಒಂದು ಕೊಳ್ಳಿ ಇಸ್ಕೊಂಡು ಬಾರವ್ವ, ನಮ್ಮೊಲೇನೂ ಆರೈತೆ," ಎಂದ ಜಗಲಿಯಲ್ಲಿದ್ದ ಕುಳ್ಳನಜ್ಜ. ಹಾಡಿಯ ಹಿರಿಯ. ದೇವರ ಮುಂದೆ ನಿಂತು ಮಾತಾಡುವವನೂ ಅವನೇ, ಸಾವು ಸಾರುವವನೂ ಅವನೇ. ಅವನು "ಹೋಯ್ತು" ಅನ್ನದೆ ಆ ಹಾಡಿಯಲ್ಲಿ ಯಾರೂ ಸತ್ತ ಲೆಕ್ಕವಲ್ಲ. ಒಮ್ಮೆ ಅಜ್ಜ ಹೊಗೆಸೊಪ್ಪು ತರಲು ಕಾಟಿಕ್ಕುಳಕ್ಕೆ ಹೋಗಿದ್ದಾಗ ಒಬ್ಬ ಮುದುಕಿಯ ಉಸಿರು ನಿಂತಿತ್ತು. ಅವನು ಬರುವ ತನಕ ಜನ ಅವಳನ್ನು ಗಂಜಿ ಬೇಕಾ ಎಂದು ಕೇಳುತ್ತಲೇ ಇದ್ದರು. ಅವನು ಸಾರಿದ ಮೇಲೆ ಪುಲ, ಅಂದರೆ ಸೂತಕ. ಸೂತಕ ಕಳೆಯುವವರೆಗೆ ಯಾರೂ ಕೊಡಲಿ ಮುಟ್ಟುವ ಹಾಗಿಲ್ಲ. ಆಗ ಹೆಂಗಸರು ಅಳುತ್ತ ಹೇಳುವ ಪದದಲ್ಲಿ ಯಾರನ್ನು ಬೈದರೂ ಎದುರು ಮಾತಿಲ್ಲ.

"ಅಜ್ಜ, ಮರ ಹೋಯ್ತು ಅಂತ ನೀನೇ ಸಾರಿಬಿಡು," ಎಂದಳು ಶಾಂತ.

ಕುಳ್ಳನಜ್ಜ ಎಲೆಯಡಿಕೆ ಉಗಿದು ಯೋಚಿಸಿದ. "ಸಾರಬೌದು. ಆದ್ರೆ ಅದು ಸರ್ಕಾರದ ಮನೆಯ ಮರ. ನೆಂಟ್ರು ಒಪ್ಪದೆ ಹೆಂಗವ್ವ ಸಾರ್ಲಿ?"

ನೆಂಟ ಮಾರನೆಯ ದಿನ ತಾನಾಗಿ ಓಡಿಬಂದ. ಸುಧೀಶನ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಕರ್ಕಾಟಕದ ವಾವು ಬಂದಿತ್ತು, ಸತ್ತ ಹಿರಿಯರ ಅಮಾವಾಸ್ಯೆ. ದೊಡ್ಡ ಆಫೀಸರು ತೀರಿಹೋದ ತಂದೆಗೆ ಪಿಂಡಬಲಿಯಿಡಲು ಒಪ್ಪೊತ್ತು ಹಿಡಿದು, ಇದೇ ಕಾಡುದಾರಿಯಲ್ಲಿ ತಿರುನೆಲ್ಲಿಗೆ ಹೊರಟಿದ್ದರು. ದಾರಿಗೆ ಅಡ್ಡವಾಗಿ ಮತ್ತಿಮರ ಮಲಗಿತ್ತು.

"ಕೊಡಲಿ ತಗೊಂಡು ಬನ್ರೋ! ಬೇಗ!"

ಗಂಡಸರು ಬಂದರು. ಹೆಂಗಸರೂ ಬಂದರು. ಮರದ ಮೇಲೆ ಸಾಲಾಗಿ ಕೂತು ಕಾಲು ತೂಗಾಡಿಸಿದರು.

"ಕಡೀರೋ!"

"ಬದುಕಿರೋದನ್ನ ಕಡಿದ್ರೆ ಕೇಸು ಸಾರೇ," ಎಂದ ಕುಳ್ಳನಜ್ಜ.

"ಯಾವ ನಾಯಿ ಹೇಳ್ತು ಬದುಕಿದೆ ಅಂತ?"

ಎಲ್ಲರೂ ಸುಧೀಶನ ಮುಖವನ್ನೇ ನೋಡಿದರು. ಅವನು ದಾರಿಯ ತಿರುವಿನ ಕಡೆ ಕಣ್ಣು ಹಾಯಿಸಿದ.

"ಸತ್ತಿದೆ. ಕಡೀರಿ."

"ಕಿವಿ ಮಂದ ಸಾರೇ," ಎಂದ ಅಜ್ಜ.

"ಸತ್ತೋಯ್ತು! ಮರ ಸತ್ತೋಯ್ತು ಕಣೋ!"

ಕಾಡೂ ಅದನ್ನೇ ಮೆಲ್ಲಗೆ ಇನ್ನೊಮ್ಮೆ ಹೇಳಿತು. ಕುಳ್ಳನಜ್ಜ ಇಳಿದು, ತಲೆಯ ಬಟ್ಟೆ ಬಿಚ್ಚಿ ಮರಕ್ಕೆ ಹೊದಿಸಿ, ಕಣ್ಣುಮುಚ್ಚಿ ಕೈಮುಗಿದ. ಅದರಲ್ಲಿ ಹುಡುಗಾಟವಿರಲಿಲ್ಲ. ಅಜ್ಜನ ಅಜ್ಜ ಅದೇ ಮರದಿಂದ ಜೇನು ಇಳಿಸಿದವನು.

"ಹೋಯ್ತು," ಎಂದ.

ಕೊಡಲಿಗಳೆಲ್ಲ ನೆಲಕ್ಕೆ ಬಿದ್ದವು. ಹೆಂಗಸರು ಮುಡಿ ಬಿಚ್ಚಿದರು. ಶಾಂತ ಎದೆ ಬಡಿದುಕೊಂಡು ಪದ ಎತ್ತಿದಳು:

"ಅಯ್ಯೋ ಮತ್ತಿಯಣ್ಣಾ, ನಿನ್ನ ಎಲೆ ಪಚ್ಚೆ ಅಂದೋನು ನಮ್ಮ ಕೂಸಿನ ಕಾಲು ನೀಲಿ ಅನ್ನಲಿಲ್ಲವೋ! ಹೊರೆ ಎಳೆದ ಕೈಗೆ ಕಜ್ಜಿ ಹತ್ತಲೋ! ಸುಧೀಶಾ, ನಿನ್ನ ಜೀಪಿನ ಚಕ್ರದಡಿ ಹಂದಿ ಈಯಲೋ!"

"ಏಯ್!" ಎಂದ ಸುಧೀಶ್.

"ಸಾವಿನ ಮುಂದೆ ಗದರಬಾರ್ದು ಸಾರೇ," ಎಂದ ಅಜ್ಜ ಮೆತ್ತಗೆ. "ಕೊಡ್ಲಿ ಅಲ್ಲೈತೆ. ನಾವು ಮುಟ್ಟೋ ಹಾಗಿಲ್ಲ."

ಬೇರೆ ದಾರಿಯಿರಲಿಲ್ಲ. ಸುಧೀಶ್ ಅಂಗಿ ಕಳಚಿ ಕೊಡಲಿ ಎತ್ತಿದ. ಅವನು ಬುಡದ ಕಡೆ ಬೆವರುತ್ತಿದ್ದಾಗ ಹೆಂಗಸರು ತುದಿಯ ಕಡೆ ಅಳುತ್ತ, ಅಳುವಿನ ನಡುವೆ ಕಿಸಕ್ಕೆಂದು ನಗುತ್ತ, ಬರಿಗೈಯಲ್ಲಿ ಒಣರೆಂಬೆ ಲಟಲಟ ಮುರಿದು ಹೊರೆ ಕಟ್ಟಿದರು.

ತಿರುವಿನಲ್ಲಿ ಜೀಪು ಬಂದು ನಿಂತಿತು. ಬಿಳಿ ಮುಂಡು, ಹಣೆಗೆ ಗಂಧ, ಆಫೀಸರು ಇಳಿದರು. ಶಾಂತ ಹೊರೆ ಹೊತ್ತು ನೇರ ಅವರ ಎದುರಿಗೇ ನಡೆದಳು.

"ಏನಿದು? ನಿಲ್ಲು!" ಅವರು ಹೊರೆಗೆ ಕೈ ಚಾಚಿದರು.

"ಮುಟ್ಬೇಡಿ ಸಾರೇ. ನಮ್ಗೆ ಪುಲ ಉಂಟು. ನೀವು ಬಲಿಯಿಡೋಕೆ ಹೊರಟೋರು."

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಹಿಂದೆ ಸರಿಯಿತು. ಆಫೀಸರು ಮುಂಡು ಎತ್ತಿ ಹಿಡಿದು ಜೀಪಿನೊಳಗೆ ಹತ್ತಿ, ಕಾಲುಗಳನ್ನೂ ಮೇಲಕ್ಕೆಳೆದುಕೊಂಡು, ಬಾಗಿಲು ಹಾಕಿಕೊಂಡರು.

ದಾರಿ ಕಿರಿದು. ಶಾಂತಳ ಹಿಂದೆ ಇಡೀ ಹಾಡಿಯ ಹೆಂಗಸರು, ಒಬ್ಬೊಬ್ಬರ ತಲೆಯ ಮೇಲೂ ಹೊರೆ, ಜೀಪಿನ ಮೈಗೆ ಪರಪರ ಕೆರೆಯುತ್ತ, "ಪುಲ ಸಾರೇ, ಪುಲ" ಎಂದು ಹೇಳುತ್ತ ಸಾಗಿದರು.